ಗಾಬರಿಯ ಹೊತ್ತಿನಲ್ಲಿ ಉಸಿರು ಬಿಡುವ ಕ್ರಮ

ಶಿರಾಡಿ ಘಾಟಿ ಇಳಿಯುತ್ತಿದ್ದ ರಾತ್ರಿ ಬಸ್ಸಿನಲ್ಲಿ ನನಗೆ ಮೊದಲ ಬಾರಿ ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಎರಗುವ ತೀವ್ರ ಗಾಬರಿ, ಆಯಿತು. ಕಾರಣವೇ ಇಲ್ಲದೆ ಎದೆ ಡವಡವ ಹೊಡೆದುಕೊಳ್ಳತೊಡಗಿತು, ತುಟಿಯ ಸುತ್ತ ಜೋಮು ಹಿಡಿಯಿತು, ಕೈಬೆರಳುಗಳು ಸೆಟೆದು ಒಳಕ್ಕೆ ಮಡಚಿಕೊಂಡವು. ಪಕ್ಕದ ಸೀಟಿನಲ್ಲಿದ್ದ ಹಿರಿಯರು ಕಾಳಜಿಯಿಂದಲೇ "ಜೋರಾಗಿ ಉಸಿರು ಎಳ್ಕೊಳ್ಳಮ್ಮ" ಎಂದರು. ನಾನು ಎಳೆದುಕೊಂಡಷ್ಟೂ ಬೆರಳುಗಳು ಇನ್ನಷ್ಟು ಬಿಗಿದವು.

ಗಾಬರಿಯಾದಾಗ ಉಸಿರು ಸಾಲುತ್ತಿಲ್ಲ ಎಂದು ಅನ್ನಿಸಿದರೂ ಹೆಚ್ಚಿನವರಲ್ಲಿ ನಡೆಯುತ್ತಿರುವುದು ಅದರ ವಿರುದ್ಧವೇ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಗಾಬರಿಯಲ್ಲಿ ಉಸಿರಾಟ ಅದಕ್ಕಿಂತ ವೇಗವಾಗಿ, ಎದೆಯ ಮೇಲ್ಭಾಗದಲ್ಲಷ್ಟೇ ನಡೆಯುವುದರಿಂದ, ರಕ್ತದಲ್ಲಿ ಇರಬೇಕಾದಷ್ಟು ಇಂಗಾಲದ ಡೈ ಆಕ್ಸೈಡ್ ಉಳಿಯದೆ ಹೊರಹೋಗಿಬಿಡುತ್ತದೆ. ಇದರಿಂದ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತುತ್ತದೆ. ರಕ್ತದ ಕ್ಷಾರಗುಣ ಹೆಚ್ಚಿ, ನರಗಳಿಗೆ ಒದಗುವ ಕ್ಯಾಲ್ಸಿಯಂ ಕಡಿಮೆಯಾಗಿ, ಜೋಮು ಹಿಡಿಯುವುದು, ಬೆರಳು ಸೆಟೆಯುವುದು ಆಗುತ್ತದೆ. ಈ ಲಕ್ಷಣಗಳನ್ನು ಕಂಡು ಮನಸ್ಸು ಮತ್ತಷ್ಟು ಹೆದರಿದಂತೆ ಉಸಿರು ಮತ್ತಷ್ಟು ವೇಗವಾಗುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಉಸಿರನ್ನು ಎಳೆದುಕೊಳ್ಳುವುದಲ್ಲ, ನಿಧಾನವಾಗಿ ಬಿಡುವುದು.

ಗಾಬರಿ ಏರುತ್ತಿದೆ ಎಂದು ಗೊತ್ತಾದ ಕೂಡಲೇ, ಇರುವಲ್ಲಿಯೇ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ಎರಡೂ ಪಾದಗಳನ್ನು ನೆಲಕ್ಕೆ ಊರಿ, ಭುಜಗಳನ್ನು ಸಡಿಲಬಿಡಿ. ಮೊದಲು ಒಳಗಿರುವ ಉಸಿರನ್ನು ಬಿಡಿ. ಬಿಸಿ ಕಾಫಿಯನ್ನು ತುಳುಕದಂತೆ ಊದಿ ಆರಿಸುವಾಗ ತುಟಿಗಳನ್ನು ಹೇಗೆ ಸಣ್ಣಗೆ ಮಾಡಿಕೊಳ್ಳುತ್ತೇವೆಯೋ ಹಾಗೆಯೇ ಮಾಡಿಕೊಂಡು, ಮನಸ್ಸಿನಲ್ಲಿ ಆರರವರೆಗೆ ಎಣಿಸುತ್ತಾ, ಒತ್ತಡ ಹಾಕದೆ ಊದಿರಿ. ನಂತರ ಬಾಯಿ ಮುಚ್ಚಿ, ನಾಲ್ಕರವರೆಗೆ ಎಣಿಸುತ್ತಾ ಮೂಗಿನಿಂದ ಮೆಲ್ಲಗೆ ಒಳಗೆ ತೆಗೆದುಕೊಳ್ಳಿ. ಎದೆ ತುಂಬುವಷ್ಟು ಬೇಡ, ಸಾಮಾನ್ಯ ಉಸಿರು ಸಾಕು. ಎಣಿಕೆ ಸೆಕೆಂಡಿಗೆ ಒಂದರಂತೆ ಸಾಗಿದರೆ ನಿಮಿಷಕ್ಕೆ ಆರು ಉಸಿರಾಗುತ್ತದೆ. ಅಷ್ಟು ಸಾಧ್ಯವಾಗದಿದ್ದರೆ ಎರಡು ಒಳಗೆ, ಮೂರು ಹೊರಗೆ ಎಂದು ಆರಂಭಿಸಿದರೂ ಸರಿ. ಬಿಡುವ ಕಾಲ ಎಳೆಯುವ ಕಾಲಕ್ಕಿಂತ ಉದ್ದವಾಗಿರಬೇಕು ಎಂಬುದೇ ಮುಖ್ಯ. ಉಸಿರು ಬಿಡುವಾಗ ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವದಿಂದ ಹೃದಯ ಬಡಿತ ತುಸು ನಿಧಾನವಾಗುತ್ತದೆ. ನಾಡಿಯ ಮೇಲೆ ಬೆರಳಿಟ್ಟುಕೊಂಡು ಮಾಡಿದರೆ ಕೆಲವರಿಗೆ ಇದು ತಿಳಿಯುತ್ತದೆ, ನನಗೆ ಧೈರ್ಯ ತಂದದ್ದು ಅದೇ. ಎರಡು ಉಸಿರಿಗೇ ಪರಿಹಾರ ನಿರೀಕ್ಷಿಸಬೇಡಿ. ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಅಲ್ಲಿಯವರೆಗೆ ಎಣಿಕೆಯನ್ನು ಬಿಡದೆ ಸಾಗಿಸಿ.

ಇದನ್ನು ಗಾಬರಿಯ ಹೊತ್ತಿನಲ್ಲೇ ಮೊದಲ ಬಾರಿ ಪ್ರಯತ್ನಿಸಿದರೆ ಕೈಗೂಡುವುದು ಕಷ್ಟ. ಪ್ರತಿದಿನ ಮಲಗುವ ಮುನ್ನ ಅಂಗಾತ ಮಲಗಿ, ಅರ್ಧ ಕಿಲೋ ಅಕ್ಕಿಯ ಪೊಟ್ಟಣವನ್ನು ಹೊಕ್ಕುಳಿನ ಮೇಲಿಟ್ಟುಕೊಂಡು ಐದು ನಿಮಿಷ ಅಭ್ಯಾಸ ಮಾಡಿ. ಉಸಿರು ಒಳಗೆ ಹೋದಾಗ ಪೊಟ್ಟಣ ಮೇಲೇಳಬೇಕು, ಬಿಟ್ಟಾಗ ಇಳಿಯಬೇಕು. ಎದೆಯ ಮೇಲಿಟ್ಟ ಕೈ ಹೆಚ್ಚು ಅಲುಗಬಾರದು. ಎದೆ, ಹೊಟ್ಟೆಗಳ ನಡುವಿನ ಸ್ನಾಯುಪದರವಾದ ವಪೆಯಿಂದ ಉಸಿರಾಡುವುದು ಎಂದರೆ ಇದೇ. ಭ್ರಾಮರಿ ಪ್ರಾಣಾಯಾಮ ಕಲಿತವರು ಅದನ್ನೂ ಮಾಡಬಹುದು, ಏಕೆಂದರೆ ದುಂಬಿಯಂತೆ ಗುಂಯ್‌ಗುಡುವಾಗ ಉಸಿರು ತಾನಾಗಿಯೇ ಉದ್ದವಾಗಿ ಹೊರಬರುತ್ತದೆ. ಆದರೆ ಕಪಾಲಭಾತಿ, ಭಸ್ತ್ರಿಕಾಗಳಂತಹ ವೇಗದ ಕ್ರಿಯೆಗಳನ್ನು ಆತಂಕದ ಹೊತ್ತಿನಲ್ಲಿ ಖಂಡಿತ ಮಾಡಬಾರದು. ನಾಲ್ಕು ಎಣಿಕೆ ಎಳೆದು, ನಾಲ್ಕು ಹಿಡಿದು, ನಾಲ್ಕು ಬಿಟ್ಟು, ಮತ್ತೆ ನಾಲ್ಕು ಹಿಡಿಯುವ ಚೌಕದ ಕ್ರಮ ಹಲವರಿಗೆ ಒಗ್ಗುತ್ತದೆಯಾದರೂ, ಉಸಿರು ಹಿಡಿದೊಡನೆ ದಿಗಿಲು ಹೆಚ್ಚುವವರು ಆ ಕ್ರಮವನ್ನು ಕೈಬಿಡುವುದೇ ಲೇಸು. ಇನ್ನು ಕೆಲವರಿಗೆ ಉಸಿರನ್ನು ಗಮನಿಸುವುದೇ ಭಯ ತರುತ್ತದೆ. ಅಂಥವರು ಎಣಿಕೆಯನ್ನು ನಿಲ್ಲಿಸಿ, ತಣ್ಣೀರಿನಲ್ಲಿ ಕೈ ಅದ್ದಿ ಆ ತಂಪಿನ ಕಡೆಗೆ ಗಮನ ಕೊಡಬಹುದು. ಅದು ಸೋಲೇನೂ ಅಲ್ಲ.

ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೆಯ ರೂಢಿಯನ್ನು ಕೈಬಿಡಬೇಕು. ಎದುರಿಗಿರುವುದು ಗಾಬರಿಯಲ್ಲದೆ ಆಸ್ತಮಾ ಅಥವಾ ಹೃದಯಾಘಾತವಾಗಿದ್ದರೆ ಆ ಚೀಲ ಪ್ರಾಣಕ್ಕೇ ಅಪಾಯ ತರಬಲ್ಲದು. ಎದೆಯಲ್ಲಿ ಭಾರ ಅಥವಾ ನೋವು ಕಾಣಿಸಿಕೊಂಡು ತೋಳಿಗೆ, ದವಡೆಗೆ ಹರಡಿದರೆ, ಪ್ರಜ್ಞೆ ತಪ್ಪಿದರೆ, ಇಲ್ಲವೇ ಇಂಥ ಅನುಭವ ಇದೇ ಮೊದಲಾಗಿದ್ದರೆ, ಅದನ್ನು ಗಾಬರಿ ಎಂದು ತಳ್ಳಿಹಾಕದೆ 108ಕ್ಕೆ ಕರೆ ಮಾಡಿ ಅಥವಾ ತಕ್ಷಣ ಆಸ್ಪತ್ರೆಗೆ ಹೋಗಿ. ಹೃದಯ, ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆಗಳು ಸರಿಯಾಗಿದ್ದೂ ಗಾಬರಿ ಮರುಕಳಿಸುತ್ತಿದ್ದರೆ, ಮತ್ತೆ ಬಂದೀತೆಂಬ ಹೆದರಿಕೆಯಿಂದ ಬಸ್ಸು, ಸಂತೆ, ಮದುವೆಮನೆಗಳನ್ನು ತಪ್ಪಿಸುವಂತಾಗಿದ್ದರೆ, ಉಸಿರಾಟದ ಅಭ್ಯಾಸವೊಂದೇ ಸಾಲದು. ಮನೋವೈದ್ಯರ ಚಿಕಿತ್ಸೆ ಬೇಕು, ಅದರಿಂದ ಗುಣವೂ ಕಾಣುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಜೊತೆಗಿರುವವರು "ಹೆದರಬೇಡ, ಏನೂ ಆಗಿಲ್ಲ" ಎಂದು ಗದರುವುದರ ಬದಲು ಪಕ್ಕದಲ್ಲಿ ಕುಳಿತು, ಗಾಬರಿಗೊಂಡವರು ಒಪ್ಪಿದರೆ ಅವರ ಕೈ ಹಿಡಿದು, ತಾವೇ ಕೇಳಿಸುವಂತೆ ಉದ್ದಕ್ಕೆ ಉಸಿರು ಬಿಡಬೇಕು. "ನನ್ನ ಜೊತೆ ಊದು" ಎಂದು ಒಮ್ಮೆ ಹೇಳಿದರೆ ಸಾಕು. ಆಮೇಲೆ ಮಾತು ಬೇಡ, ಇಬ್ಬರೂ ಒಟ್ಟಿಗೆ ಊದುತ್ತಿರಲಿ.