ಮಾರ್ಪಡಿಸಿದ ಕಾರಿನ ಟರ್ಬೊ ಒತ್ತಡವನ್ನು ಹಿಡಿತದಲ್ಲಿಡುವುದು ಹೇಗೆ?

ಟರ್ಬೊ ಕಾರಿಗೆ ಅಗಲವಾದ ಎಕ್ಸಾಸ್ಟ್ ಪೈಪು, ದೊಡ್ಡ ಇಂಟರ್‌ಕೂಲರ್, ಗಾಳಿಯನ್ನು ಸರಾಗವಾಗಿ ಬಿಡುವ ಫಿಲ್ಟರ್ ಹಾಕಿಸಿಕೊಂಡವರು ಗ್ಯಾರೇಜಿಗೆ ಬಂದು ಕೇಳುವ ಮೊದಲ ಪ್ರಶ್ನೆ, ‘ಇನ್ನು ಬೂಸ್ಟ್ ಎಷ್ಟಕ್ಕೆ ಏರಿಸಬಹುದು?’ ಎಂಬುದು. ಬೂಸ್ಟ್ ಎಂದರೆ ಟರ್ಬೊ ಎಂಜಿನ್ ಒಳಕ್ಕೆ ತುಂಬುವ ಗಾಳಿಯ ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದು. ಆ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಇನ್ನೊಂದು ಸಂಖ್ಯೆ ಗೊತ್ತಿರಬೇಕು. ನಿಮ್ಮ ಕಾರು ಸ್ಥಿರವಾಗಿ ಹಿಡಿದಿಡಬಲ್ಲ ಅತಿ ಕಡಿಮೆ ಬೂಸ್ಟ್ ಎಷ್ಟು? ಅದನ್ನು ಅಳೆಯದೆ ಏರಿಸಲು ಹೊರಟ ಎಂಜಿನ್‌ಗಳನ್ನು ಬಿಚ್ಚಿದಾಗ ಅಂಚು ಕರಗಿದ ಪಿಸ್ಟನ್‌ಗಳನ್ನೂ, ಎರಡು ರಿಂಗ್‌ಗಳ ನಡುವೆ ಒಡೆದ ಲೋಹವನ್ನೂ ಕಂಡಿದ್ದೇನೆ. ಆದ್ದರಿಂದ ಇಲ್ಲಿ ಹೇಳುವ ಕ್ರಮ ಕೆಳಗಿನ ಒತ್ತಡದಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ.

ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾದಲ್ಲಿ ಬಂದ 1.8 ಲೀಟರಿನ, 20 ವಾಲ್ವ್‌ಗಳ, 150 ಅಶ್ವಶಕ್ತಿಯ ಟರ್ಬೊ ಪೆಟ್ರೋಲ್ ಎಂಜಿನ್ ನನ್ನ ಮನಸ್ಸಿನಲ್ಲಿದೆ. ಹಳೆಯದಾದರೂ ಗಟ್ಟಿ ಎಂಜಿನ್; ಮಾರ್ಪಾಡು ಮಾಡುವವರ ಕೈಯಲ್ಲಿ ಇಂದಿಗೂ ಓಡಾಡುತ್ತಿದೆ. ಬೇರೆ ಕಾರುಗಳಲ್ಲಿ ಭಾಗಗಳು ಕುಳಿತಿರುವ ಜಾಗ ಬೇರೆಯಾಗಬಹುದು, ಕೆಲಸದ ರೀತಿ ಅದೇ.

ಒತ್ತಡವನ್ನು ತಡೆಯುವ ಬಾಗಿಲು

ಎಂಜಿನ್‌ನಿಂದ ಹೊರಬರುವ ಬಿಸಿ ಹೊಗೆ ಟರ್ಬೈನನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಕಂಪ್ರೆಸರ್ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ ಒಳಕ್ಕೆ ತುಂಬುತ್ತದೆ. ಹೆಚ್ಚು ಗಾಳಿ ಒಳಹೋದರೆ ಹೆಚ್ಚು ಹೊಗೆ, ಹೆಚ್ಚು ಹೊಗೆಯಿಂದ ಇನ್ನಷ್ಟು ವೇಗ, ಅದರಿಂದ ಮತ್ತಷ್ಟು ಗಾಳಿ. ಈ ಸುತ್ತನ್ನು ಎಲ್ಲಾದರೂ ಕಡಿಯದಿದ್ದರೆ ಒತ್ತಡ ಏರುತ್ತಲೇ ಹೋಗುತ್ತದೆ. ಕಡಿಯುವ ಕೆಲಸ ವೇಸ್ಟ್‌ಗೇಟ್‌ನದು. ಟರ್ಬೈನ್‌ನ ಪಕ್ಕದಲ್ಲಿರುವ ಈ ಚಿಕ್ಕ ಬಾಗಿಲು ತೆರೆದಾಗ ಹೊಗೆಯ ಒಂದು ಪಾಲು ಚಕ್ರವನ್ನು ಮುಟ್ಟದೆ ನೇರವಾಗಿ ಸೈಲೆನ್ಸರ್ ಕಡೆಗೆ ಹೋಗಿಬಿಡುತ್ತದೆ.

ಈ ಬಾಗಿಲನ್ನು ಎಳೆಯುವುದು ಆಕ್ಟುಯೇಟರ್ ಎಂಬ ಡಬ್ಬಿ. ಅದರೊಳಗೆ ರಬ್ಬರಿನ ಡಯಾಫ್ರಮ್, ಒಂದು ಸ್ಪ್ರಿಂಗ್, ಹೊರಕ್ಕೆ ಚಾಚಿದ ಒಂದು ರಾಡ್ ಇರುತ್ತವೆ. ಕಂಪ್ರೆಸರ್‌ನಿಂದ ಬಂದ ತೆಳು ಮೆದುಗೊಳವೆಯ ಗಾಳಿ ಡಯಾಫ್ರಮ್ಮನ್ನು ತಳ್ಳುತ್ತದೆ, ಸ್ಪ್ರಿಂಗ್ ಎದುರು ತಳ್ಳುತ್ತದೆ, ಗಾಳಿ ಗೆದ್ದಾಗ ಬಾಗಿಲು ತೆರೆಯುತ್ತದೆ. ಬೂಸ್ಟ್ ಕಂಟ್ರೋಲರ್ ಎಂದು ಮಾರುವ ಸಾಧನಗಳೆಲ್ಲ, ದುಬಾರಿಯಾದವೂ ಅಗ್ಗದವೂ, ಮಾಡುವುದು ಒಂದೇ ಕೆಲಸ: ಡಯಾಫ್ರಮ್‌ಗೆ ತಲುಪುವ ಗಾಳಿಯನ್ನು ಕಡಿಮೆ ಮಾಡಿ, ಬಾಗಿಲು ತಡವಾಗಿ ತೆರೆಯುವಂತೆ ನೋಡಿಕೊಳ್ಳುವುದು. ಅಂದರೆ ಇವು ಒತ್ತಡವನ್ನು ಸ್ಪ್ರಿಂಗ್‌ನ ಮಟ್ಟದಿಂದ ಮೇಲಕ್ಕೆ ಒಯ್ಯಬಲ್ಲವೇ ಹೊರತು ಅದಕ್ಕಿಂತ ಕೆಳಕ್ಕೆ ತರಲಾರವು. ಸ್ಪ್ರಿಂಗ್‌ನ ಮಟ್ಟವೇ ನೆಲ. ಆ ನೆಲ ಎಲ್ಲಿದೆ ಎಂಬುದನ್ನು ಮೊದಲು ಅಳೆಯಬೇಕು.

ಮೊದಲ ಕೆಲಸ: ಮೆದುಗೊಳವೆಗಳು

ಅಳತೆಗೂ ಮುಂಚೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಟರ್ಬೊದಿಂದ ಆಕ್ಟುಯೇಟರ್‌ವರೆಗಿನ ಪ್ರತಿ ಮೆದುಗೊಳವೆಯನ್ನೂ ಬೆರಳಿನಿಂದ ತಡಕಿ ನೋಡಿ. ಬಿರುಕು ಸಾಮಾನ್ಯವಾಗಿ ಕೊಳವೆಯ ಮಧ್ಯದಲ್ಲಿರುವುದಿಲ್ಲ, ನಿಪ್ಪಲ್‌ಗೆ ಸಿಕ್ಕಿಸಿದ ಕೊನೆಯ ಒಂದು ಸೆಂಟಿಮೀಟರಿನಲ್ಲಿರುತ್ತದೆ. ಕ್ಲಿಪ್ ಅದನ್ನು ಮುಚ್ಚಿಕೊಂಡಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಕ್ಲಿಪ್ ಸರಿಸಿ, ತುದಿಯನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಗಟ್ಟಿಯಾದ ರಬ್ಬರು ಅಲ್ಲಿ ಬಾಯಿ ಬಿಡುತ್ತದೆ. ಅಂಥದ್ದನ್ನು ಕತ್ತರಿಸಿ ಮತ್ತೆ ಸಿಕ್ಕಿಸುವ ಆಸೆ ಬೇಡ. ಇಡೀ ಕೊಳವೆಯನ್ನು ಬದಲಿಸಿ, ಎರಡೂ ತುದಿಗೆ ಕ್ಲಿಪ್ ಹಾಕಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಆಕ್ಟುಯೇಟರ್‌ಗೆ ಹೋಗುವ ಗಾಳಿ ನಿಂತರೆ ಬಾಗಿಲು ಮುಚ್ಚಿಯೇ ಇರುತ್ತದೆ, ಬೂಸ್ಟ್‌ಗೆ ಮಿತಿಯೇ ಇರುವುದಿಲ್ಲ. ಒಮ್ಮೆ ಟ್ರ್ಯಾಕಿನಲ್ಲಿ ನಾನೇ ಓಡಿಸುತ್ತಿದ್ದ ಕಾರಿನ 14 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ನಿಲ್ಲಬೇಕಿದ್ದ ಗೇಜಿನ ಮುಳ್ಳು 20 ದಾಟಿ ಹೋಯಿತು. ಕಾಲು ತೆಗೆದ ಕಾರಣ ಎಂಜಿನ್ ಉಳಿಯಿತು. ನೋಡಿದರೆ, ನಾಲ್ಕು ಮಿಲಿಮೀಟರಿನ ಕೊಳವೆಯೊಂದು ಕ್ಲಿಪ್ ಇಲ್ಲದೆ ಕಳಚಿ ನೇತಾಡುತ್ತಿತ್ತು.

ಎರಡನೆಯದು: ನೆಲದ ಒತ್ತಡ

ಗೇಜ್ ಇರುವ ಸಣ್ಣ ಕೈಪಂಪು ಇದಕ್ಕೆ ಸಾಕು. ಆಕ್ಟುಯೇಟರ್‌ನ ಕೊಳವೆ ತೆಗೆದು ಪಂಪನ್ನು ಜೋಡಿಸಿ, ನಿಧಾನವಾಗಿ ಒತ್ತುತ್ತ ರಾಡ್‌ನ ಮೇಲೆ ಕಣ್ಣಿಡಿ. ಒಂದು ಘಟ್ಟದವರೆಗೆ ಅದು ಕದಲುವುದಿಲ್ಲ. ಆಮೇಲೆ ಒಂದು ಮಿಲಿಮೀಟರಿನಷ್ಟು ಮುಂದಕ್ಕೆ ಜರುಗುತ್ತದೆ. ಆ ಕ್ಷಣದಲ್ಲಿ ಗೇಜ್ ತೋರಿಸಿದ ಸಂಖ್ಯೆಯನ್ನು ಬರೆದುಕೊಳ್ಳಿ. ಪಂಪು ನಿಲ್ಲಿಸಿ ಒಂದು ನಿಮಿಷ ಕಾಯಿರಿ. ಮುಳ್ಳು ಇಳಿಯುತ್ತ ಬಂದರೆ ಡಯಾಫ್ರಮ್ ತೂತಾಗಿದೆ, ಆಕ್ಟುಯೇಟರನ್ನು ಬದಲಿಸದೆ ಮುಂದುವರಿಯುವಂತಿಲ್ಲ. ಒತ್ತಡ ಬಿಟ್ಟಾಗ ರಾಡ್ ತಡವರಿಸದೆ ಹಿಂದಕ್ಕೆ ಬರಬೇಕು. ತುಕ್ಕು ಹಿಡಿದ ಬಾಗಿಲು ಅರ್ಧದಲ್ಲೇ ನಿಲ್ಲುವುದುಂಟು.

ಬಳಿಕ ಕಂಪ್ರೆಸರ್‌ನ ಕೊಳವೆಯನ್ನು ನಡುವೆ ಯಾವ ಕಂಟ್ರೋಲರ್ ಕೂಡ ಇಲ್ಲದೆ ನೇರವಾಗಿ ಆಕ್ಟುಯೇಟರ್‌ಗೆ ಜೋಡಿಸಿ, ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಕಾರನ್ನು ಮೂರನೆಯ ಅಥವಾ ನಾಲ್ಕನೆಯ ಗೇರಿನಲ್ಲಿ 2,500ರಿಂದ 6,000 ಆರ್‌ಪಿಎಂವರೆಗೆ ಪೂರ್ತಿ ಆಕ್ಸಿಲರೇಟರ್ ಒತ್ತಿ ಓಡಿಸಿ. ಒಂದನೆಯ, ಎರಡನೆಯ ಗೇರಿನಲ್ಲಿ ಎಂಜಿನ್ ಬೇಗ ಮೇಲೇರುವುದರಿಂದ ಟರ್ಬೊಗೆ ಒತ್ತಡ ಕಟ್ಟಲು ಸಮಯ ಸಿಗುವುದಿಲ್ಲ, ಬಂದ ಅಳತೆಯನ್ನು ನಂಬಲಾಗದು. ಡೈನೊ ಸಿಗದಿದ್ದರೆ ಮುಚ್ಚಿದ ಟ್ರ್ಯಾಕಿನಲ್ಲಿ ಮಾಡಿ, ರಸ್ತೆಯಲ್ಲಿ ಖಂಡಿತ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಭಿನ್ನವಾಗುವಂಥ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ ಎಂಬುದೂ ನೆನಪಿರಲಿ.

ಈ ಓಟದಲ್ಲಿ ಬೂಸ್ಟ್ ಒಂದು ಮಟ್ಟಕ್ಕೆ ಬಂದು ನಿಂತರೆ ಅದೇ ನಿಮ್ಮ ನೆಲ, ಈ ಸಂಖ್ಯೆಯನ್ನೂ ಬರೆದಿಡಿ. ನಿಲ್ಲದೆ ಆರ್‌ಪಿಎಂ ಜೊತೆ ಏರುತ್ತಲೇ ಹೋದರೆ ಬಾಗಿಲು ಪೂರ್ತಿ ತೆರೆದರೂ ಹೊಗೆ ಹೊರಹೋಗಲು ಜಾಗ ಸಾಲುತ್ತಿಲ್ಲ ಎಂದರ್ಥ. ಅಗಲವಾದ ಎಕ್ಸಾಸ್ಟ್ ಹಾಕಿದ ಕಾರುಗಳಲ್ಲಿ ಇದು ಸಾಮಾನ್ಯ. ಇದನ್ನು ಯಾವ ಕಂಟ್ರೋಲರ್ ಕೂಡ ಸರಿಪಡಿಸಲಾರದು; ವೇಸ್ಟ್‌ಗೇಟ್‌ನ ರಂಧ್ರವನ್ನು ದೊಡ್ಡದು ಮಾಡಿಸಬೇಕು ಅಥವಾ ಪ್ರತ್ಯೇಕ ವೇಸ್ಟ್‌ಗೇಟ್ ಕೂರಿಸಬೇಕು. ಅಲ್ಲಿಯವರೆಗೆ ಮುಂದಿನ ಹಂತಕ್ಕೆ ಹೋಗಬಾರದು.

ಯಾವ ಕಂಟ್ರೋಲರ್?

ಅಗ್ಗದ ದಾರಿ ಗುಂಡು ಮತ್ತು ಸ್ಪ್ರಿಂಗ್ ಇರುವ, ಕೈಯಿಂದ ಹೊಂದಿಸುವ ಕಂಟ್ರೋಲರ್. ತಿರುಪು ಬಿಗಿಮಾಡಿದಷ್ಟೂ ಗುಂಡು ಗಾಳಿಯನ್ನು ಹೆಚ್ಚು ಹೊತ್ತು ತಡೆಯುತ್ತದೆ. ಇದು ಒತ್ತಡವನ್ನು ಬೇಗ ಕಟ್ಟುತ್ತದೆ, ಹಳೆಯ ಸರಳ ಎಂಜಿನ್‌ಗಳಿಗೆ ಒಪ್ಪುತ್ತದೆ. ಗುಂಡಿನಿಂದ ಆಕ್ಟುಯೇಟರ್ ಕಡೆಗಿನ ಭಾಗದಲ್ಲಿ ಸೂಜಿಗಾತ್ರದ ಒಂದು ರಂಧ್ರ ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ಅದಿಲ್ಲದಿದ್ದರೆ ಒಳಗೆ ಸಿಕ್ಕಿಬಿದ್ದ ಗಾಳಿ ಹೊರಹೋಗದೆ ಬಾಗಿಲು ತೆರೆದೇ ಇದ್ದುಬಿಡುತ್ತದೆ.

ಆದರೆ ನಾನು ಉದಾಹರಣೆಗೆ ತೆಗೆದುಕೊಂಡ ಎಂಜಿನ್‌ಗೆ ಈ ಸಾಧನವನ್ನು ಶಿಫಾರಸು ಮಾಡಲಾರೆ. ಅದರ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಎಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕೆಂದು ತಾನೇ ಲೆಕ್ಕ ಹಾಕಿ ಅದಕ್ಕೆ ತಕ್ಕ ಬೂಸ್ಟನ್ನು ಕೇಳುತ್ತದೆ. ಕೇಳಿದ್ದಕ್ಕಿಂತ ಹೆಚ್ಚು ಬಂದರೆ, ವಿದ್ಯುತ್ ಥ್ರಾಟಲ್ ಇರುವ ಮಾದರಿಗಳಲ್ಲಿ, ಗಾಳಿ ಒಳಬಿಡುವ ಆ ಥ್ರಾಟಲ್ ಕವಾಟವನ್ನು ಮುಚ್ಚುತ್ತದೆ. ವ್ಯತ್ಯಾಸ ದೊಡ್ಡದಾದರೆ ದೋಷ ಸಂಕೇತ ಬರೆದುಕೊಂಡು ಶಕ್ತಿಯನ್ನೇ ಕಡಿತಗೊಳಿಸುತ್ತದೆ. ತಿರುಪು ತಿರುಗಿಸಿ ಗಳಿಸಿದ್ದನ್ನು ಇಸಿಯು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತದೆ. ಇಂಥ ಎಂಜಿನ್‌ನಲ್ಲಿ ಮೊದಲೇ ಇರುವ ಎನ್75 ಎಂಬ ವಿದ್ಯುತ್ ಸೊಲೆನಾಯ್ಡ್ ಕವಾಟದ ಮೂಲಕವೇ, ಇಸಿಯು ಮ್ಯಾಪ್ (ಅದರೊಳಗಿನ ಲೆಕ್ಕದ ಕೋಷ್ಟಕ) ತಿದ್ದಿ ಬೂಸ್ಟನ್ನು ನಿಯಂತ್ರಿಸುವುದು ಸರಿಯಾದ ಕ್ರಮ.

ಸೊಲೆನಾಯ್ಡ್‌ಗೆ ಮೂರು ಬಾಯಿಗಳು: ಕಂಪ್ರೆಸರ್‌ನಿಂದ ಒಂದು, ಆಕ್ಟುಯೇಟರ್‌ಗೆ ಒಂದು, ಟರ್ಬೊದ ಮುಂಚಿನ ಗಾಳಿಕೊಳವೆಗೆ ವಾಪಸು ಹೋಗುವ ಇನ್ನೊಂದು. ಇಸಿಯು ಅದನ್ನು ಸೆಕೆಂಡಿಗೆ ಹತ್ತಾರು ಸಲ ತೆರೆದು ಮುಚ್ಚುತ್ತದೆ. ತೆರೆದಿರುವ ಸಮಯದ ಶೇಕಡಾವಾರು ಹೆಚ್ಚಾದಂತೆ ಆಕ್ಟುಯೇಟರ್‌ಗೆ ಸಿಗುವ ಗಾಳಿ ಕಡಿಮೆಯಾಗಿ ಬೂಸ್ಟ್ ಏರುತ್ತದೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಗುಣವೊಂದಿದೆ. ತಂತಿ ಕಡಿದರೆ, ಫ್ಯೂಸ್ ಹೋದರೆ, ಕನೆಕ್ಟರ್ ಸಡಿಲವಾದರೆ ಗಾಳಿಯೆಲ್ಲ ಆಕ್ಟುಯೇಟರ್‌ಗೇ ಹೋಗಿ ಬೂಸ್ಟ್ ನೆಲಕ್ಕೆ ಇಳಿಯುತ್ತದೆ. ಹೊರಗಿನಿಂದ ಸೊಲೆನಾಯ್ಡ್ ತಂದು ಜೋಡಿಸುವವರು ಬಾಯಿಗಳನ್ನು ಅದಲುಬದಲು ಮಾಡಿದರೆ ಈ ರಕ್ಷಣೆಯೇ ತಲೆಕೆಳಗಾಗುತ್ತದೆ. ಜೋಡಿಸಿದ ಮೇಲೆ ವಿದ್ಯುತ್ ಕೊಡದೆ ಬಾಯಿಂದ ಊದಿ, ಗಾಳಿ ಯಾವ ಕಡೆ ಹೋಗುತ್ತದೆಂದು ನೋಡುವುದು ಅರ್ಧ ನಿಮಿಷದ ಕೆಲಸ.

ಏರಿಸುವುದು

ಈಗ ಏರಿಸಬಹುದು, ಒಮ್ಮೆಗೆ 1 ಪಿಎಸ್‌ಐ ಮಾತ್ರ. ಪ್ರತಿ ಸಲವೂ ಗಾಳಿ–ಇಂಧನ ಅನುಪಾತ, ಒಳಬರುವ ಗಾಳಿಯ ಉಷ್ಣತೆ, ಇಸಿಯು ಹಿಂದೆಳೆದ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವುದನ್ನು ಅದು ಎಷ್ಟು ತಡಮಾಡಿತು ಎಂಬುದು), ಈ ಮೂರನ್ನೂ ದಾಖಲಿಸಿಕೊಳ್ಳಿ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಪೂರ್ತಿ ಬೂಸ್ಟ್‌ನಲ್ಲಿ ಅದು 11.5ರಿಂದ 12.5ರ ನಡುವೆ ಇರಲಿ. ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಅನುಪಾತ 13ರತ್ತ ಸರಿಯುತ್ತಿದ್ದರೆ ಪಂಪು ಅಥವಾ ಇಂಜೆಕ್ಟರ್ ಸಾಲುತ್ತಿಲ್ಲ. ಅಲ್ಲಿಗೆ ನಿಲ್ಲಿಸಿ.

ಬಿಸಿಯ ಲೆಕ್ಕವನ್ನು ಒಮ್ಮೆ ನೋಡಬೇಕು. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಒಂದೂವರೆ ಪಟ್ಟು ಒತ್ತಡಕ್ಕೆ ಒತ್ತಿದರೆ, ಕಂಪ್ರೆಸರ್ ಶೇ 70ರ ದಕ್ಷತೆಯಲ್ಲಿದ್ದರೂ ಅದು 80 ಡಿಗ್ರಿ ದಾಟುತ್ತದೆ. ಎರಡು ಪಟ್ಟಿಗೆ ಒತ್ತಿದರೆ ಹೆಚ್ಚುಕಡಿಮೆ 125 ಡಿಗ್ರಿ. ಚಿಕ್ಕ ಟರ್ಬೊವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ದಕ್ಷತೆ ಕುಸಿದು ಬಿಸಿ ಇನ್ನೂ ಏರುತ್ತದೆ. ಗೇಜ್ ಹೆಚ್ಚಿನ ಬೂಸ್ಟ್ ತೋರಿಸುತ್ತದೆ, ಡೈನೊ ಹೆಚ್ಚಿನ ಶಕ್ತಿ ತೋರಿಸುವುದಿಲ್ಲ. ಒಂದು ಪಿಎಸ್‌ಐ ಕೂಡಿಸಿದಾಗ ಶಕ್ತಿ ಏರದಿದ್ದರೆ ಹಿಂದಿನ ಸಂಖ್ಯೆಗೆ ಮರಳಿ.

ಬಿಸಿ ಗಾಳಿಯ ದೊಡ್ಡ ಅಪಾಯ ನಾಕಿಂಗ್, ಅಂದರೆ ಇಂಧನ ತನ್ನಷ್ಟಕ್ಕೆ ಸಿಡಿಯುವುದು. ಒಂದೇ ಸಿಲಿಂಡರಿನಲ್ಲಿ ಇಸಿಯು ಮತ್ತೆ ಮತ್ತೆ 3–4 ಡಿಗ್ರಿ ಟೈಮಿಂಗ್ ಹಿಂದೆಳೆಯುತ್ತಿದ್ದರೆ ಬೂಸ್ಟ್ ಇಳಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದೂ ಒಳ್ಳೆಯದು: ಬಿಳಿ ಪಿಂಗಾಣಿಯ ಮೇಲೆ ರಾಗಿ ಕಾಳಿಗಿಂತ ಎಷ್ಟೋ ಸಣ್ಣದಾದ ಕಪ್ಪು ಚುಕ್ಕೆಗಳು ಕಂಡರೆ ನಾಕಿಂಗ್ ಶುರುವಾಗಿದೆ, ಬೆಳ್ಳಿಯಂತೆ ಮಿನುಗುವ ಚುಕ್ಕೆಗಳಾದರೆ ಅವು ಪಿಸ್ಟನ್‌ನಿಂದ ಕಿತ್ತು ಬಂದ ಅಲ್ಯುಮಿನಿಯಂ.

ಬೂಸ್ಟ್ ಕ್ಷಣಮಾತ್ರ ಗುರಿ ದಾಟಿ ಹಿಂದೆ ಬರುತ್ತಿದ್ದರೆ ಕೊಳವೆ ಗಿಡ್ಡ ಮಾಡಿ, ಮ್ಯಾಪ್‌ನಲ್ಲಿ ಸೊಲೆನಾಯ್ಡ್ ತೆರೆದಿರುವ ಆರಂಭದ ಶೇಕಡಾವಾರು ತಗ್ಗಿಸಿ. ಗುರಿಯನ್ನು ನೆಲದ ಒತ್ತಡದ ಎರಡರಷ್ಟರೊಳಗೆ ಇಟ್ಟುಕೊಂಡರೆ ನಿಯಂತ್ರಣ ನುಣುಪಾಗಿರುತ್ತದೆ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಗಟ್ಟಿ ಸ್ಪ್ರಿಂಗ್‌ನ ಆಕ್ಟುಯೇಟರ್ ಹಾಕಿಸಿ.

ಬೆಂಗಳೂರಿನ ಸಂಖ್ಯೆ, ಮಂಗಳೂರಿನ ಸಂಖ್ಯೆ

ನಮ್ಮವರು ಹೆಚ್ಚಾಗಿ ಮರೆಯುವುದು ಎತ್ತರವನ್ನು. ಸಮುದ್ರಮಟ್ಟದ ಮಂಗಳೂರಿನಲ್ಲಿ ವಾತಾವರಣದ ಒತ್ತಡ 14.7 ಪಿಎಸ್‌ಐ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 13.2ರ ಆಸುಪಾಸು. ಸ್ಪ್ರಿಂಗ್ ಮತ್ತು ಕೈಯಿಂದ ಹೊಂದಿಸುವ ಕಂಟ್ರೋಲರ್ ಅಳೆಯುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ. ಬೆಂಗಳೂರಿನಲ್ಲಿ 10 ಪಿಎಸ್‌ಐಗೆ ಹೊಂದಿಸಿದ ಕಾರಿನ ಎಂಜಿನ್‌ಗೆ ಒಟ್ಟು 23.2 ಪಿಎಸ್‌ಐ ಸಿಗುತ್ತದೆ. ಅದೇ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದಾಗ 24.7. ಗೇಜ್ ಎರಡೂ ಕಡೆ 10 ಎಂದೇ ತೋರಿಸುತ್ತದೆ, ಆದರೆ ಎಂಜಿನ್ ಮೇಲಿನ ಹೊರೆ ಶೇ 6ರಷ್ಟು ಹೆಚ್ಚಾಗಿರುತ್ತದೆ, ಕರಾವಳಿಯ ಸೆಕೆ ಬೇರೆ. ಇಸಿಯು ಒಟ್ಟು ಒತ್ತಡವನ್ನೇ ಗುರಿಯಾಗಿ ಇಟ್ಟುಕೊಂಡಿರುವ ಕಾರಿನಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ: ಮಂಗಳೂರಿನಲ್ಲಿ ಹೊಂದಿಸಿದ ಗುರಿಯನ್ನು ಬೆಂಗಳೂರಿನಲ್ಲಿ ಮುಟ್ಟಲು ಟರ್ಬೊ ಇನ್ನಷ್ಟು ವೇಗವಾಗಿ ತಿರುಗಬೇಕಾಗುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ಹೊಂದಿಸುವಾಗ ನಾಕಿಂಗ್ ಶುರುವಾಗುವ ಮಟ್ಟಕ್ಕಿಂತ 2 ಪಿಎಸ್‌ಐ ಕೆಳಗೇ ನಿಲ್ಲಿಸುತ್ತೇನೆ.

ಕೊನೆಯದಾಗಿ, ಗುರಿಗಿಂತ 2–3 ಪಿಎಸ್‌ಐ ಮೇಲೆ ಇಂಧನ ಕಡಿತವಾಗುವಂತೆ ಇಸಿಯುನಲ್ಲಿ ಮಿತಿ ಹಾಕಿಸಿ. ಕೊಳವೆ ಕಳಚಿದಾಗ ಎಂಜಿನ್ನನ್ನು ಕಾಪಾಡುವುದು ಅದೊಂದೇ. ಆರು ತಿಂಗಳಿಗೊಮ್ಮೆ ಸೊಲೆನಾಯ್ಡ್‌ನ ಕನೆಕ್ಟರ್ ಕಿತ್ತು ಒಂದು ಓಟ ಓಡಿಸಿ ನೋಡಿ. ಮೊದಲ ದಿನ ಬರೆದಿಟ್ಟ ನೆಲದ ಸಂಖ್ಯೆಯೇ ಗೇಜಿನಲ್ಲಿ ಕಾಣಬೇಕು. ಅದಕ್ಕಿಂತ ಹೆಚ್ಚು ಕಂಡರೆ ಎಂಜಿನ್ ತಣಿಯಲು ಬಿಟ್ಟು, ಕ್ಲಿಪ್ ಸರಿಸಿ, ಮೆದುಗೊಳವೆಯ ತುದಿಗಳನ್ನು ಮತ್ತೆ ಬಗ್ಗಿಸಿ ನೋಡಿ.