ಮನೆಯಲ್ಲಿ ಸೆಂಟ್ರಲ್ ಲೈನ್: ರಕ್ತಕ್ಕೆ ಸೋಂಕು ತಗುಲದಂತೆ ನೋಡಿಕೊಳ್ಳುವುದು ಹೇಗೆ?

ಕಿಮೋಥೆರಪಿ, ವಾರಗಟ್ಟಲೆ ಆಂಟಿಬಯಾಟಿಕ್ ಅಥವಾ ರಕ್ತನಾಳದ ಮೂಲಕವೇ ಪೋಷಣೆ ಬೇಕಿರುವವರು ಸೆಂಟ್ರಲ್ ಲೈನ್ ಸಮೇತ ಮನೆಗೆ ಬರುವುದುಂಟು. ಈ ಕೊಳವೆಯ ತುದಿ ಹೃದಯದ ಪಕ್ಕದ ದೊಡ್ಡ ರಕ್ತನಾಳದಲ್ಲಿರುತ್ತದೆ. ಮನೆಮಂದಿಗೆ ಆತಂಕವೆಲ್ಲ ಲೈನ್ ಚರ್ಮದೊಳಗೆ ಹೋಗುವ ಜಾಗದ ಬಗ್ಗೆ. ಆದರೆ ಲೈನ್ ಹಾಕಿ ಕೆಲವು ವಾರ ಕಳೆದ ಮೇಲೆ ಬ್ಯಾಕ್ಟೀರಿಯಾ ಹೆಚ್ಚಾಗಿ ನುಗ್ಗುವುದು ಸಿರಿಂಜ್ ಜೋಡಿಸುವ ಕ್ಯಾಪ್‌ನಿಂದ.

ಮೊದಲು ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. 70% ಆಲ್ಕೋಹಾಲ್ ಸ್ವಾಬ್‌ನಿಂದ ಕ್ಯಾಪ್‌ನ ಮೇಲ್ಭಾಗ, ಸುತ್ತಲಿನ ಅಂಚು ಎರಡನ್ನೂ 15 ಸೆಕೆಂಡ್ ಒತ್ತಿ ಉಜ್ಜಿ. ಸುಮ್ಮನೆ ಸವರಿದರೆ ಸಾಲದು. ತಾನಾಗಿಯೇ ಒಣಗಲಿ, ಊದಬೇಡಿ. ಒಣಗಿದ ಕ್ಯಾಪ್ ಬಟ್ಟೆಗೋ ಬೆರಳಿಗೋ ತಾಗಿತೇ? ಹೊಸ ಸ್ವಾಬ್ ತೆಗೆದು ಮತ್ತೆ ಉಜ್ಜಿ. ಸಲೈನ್, ಔಷಧಿ, ಮತ್ತೆ ಸಲೈನ್ ಎಂದು ಮೂರು ಸಲ ಸಿರಿಂಜ್ ಜೋಡಿಸಿದರೆ ಮೂರು ಸಲವೂ ಉಜ್ಜಬೇಕು. ಬಹಳ ಜನ ತಪ್ಪಿಸುವುದು ಎರಡನೆಯದು, ಮೂರನೆಯದು.

ಫ್ಲಶ್‌ಗೆ, ಅಂದರೆ ಸಲೈನ್ ತಳ್ಳಿ ಲೈನ್ ತೊಳೆಯುವುದಕ್ಕೆ, 10 ಮಿ.ಲೀ. ಸಿರಿಂಜ್ ಬಳಸಿ; ಚಿಕ್ಕದರಲ್ಲಿ ಒತ್ತಡ ಹೆಚ್ಚಿ ಲೈನ್ ಒಡೆಯಬಹುದು. ಸ್ವಲ್ಪ ತಳ್ಳಿ, ನಿಲ್ಲಿಸಿ, ಮತ್ತೆ ತಳ್ಳಿ. ಹೀಗೆ ಮಾಡಿದರೆ ಒಳಗೋಡೆಗೆ ಅಂಟಿದ ರಕ್ತ ತೊಳೆದುಹೋಗುತ್ತದೆ. ಉಳಿದ ರಕ್ತವೇ ಬ್ಯಾಕ್ಟೀರಿಯಾಗಳಿಗೆ ನೆಲೆ, ಅವು ಅಲ್ಲಿ ಕಟ್ಟಿಕೊಳ್ಳುವ ಲೋಳೆಯ ಪದರದೊಳಗೆ ಔಷಧಿಗೂ ಸುಲಭಕ್ಕೆ ಬಗ್ಗುವುದಿಲ್ಲ. ತಳ್ಳಲು ಬಿಗಿಯಾದರೆ ಬಲ ಹಾಕದೆ ನರ್ಸ್‌ಗೆ ಫೋನ್ ಮಾಡಿ. ಕ್ಲ್ಯಾಂಪ್ (ಕೊಳವೆಯನ್ನು ಒತ್ತಿ ಮುಚ್ಚುವ ಕ್ಲಿಪ್) ಹಾಕುವ ಹೊತ್ತು ಕ್ಯಾಪ್‌ನ ಬಗೆಯ ಮೇಲೆ ಬದಲಾಗುತ್ತದೆ, ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಂತೆಯೇ ಮಾಡಿ.

ಪಾರದರ್ಶಕ ಡ್ರೆಸ್ಸಿಂಗ್ 7 ದಿನಕ್ಕೊಮ್ಮೆ, ಗಾಜ್ (ತೆಳು ಬಟ್ಟೆಯ) ಡ್ರೆಸ್ಸಿಂಗ್ ಆದರೆ 2 ದಿನಕ್ಕೊಮ್ಮೆ ಬದಲಾಗಬೇಕು. ಅಂಚು ಎದ್ದಿದ್ದರೆ, ಒದ್ದೆಯಾಗಿದ್ದರೆ ಅಂದೇ. ಸ್ನಾನಕ್ಕೆ ಮುಂಚೆ ಡ್ರೆಸ್ಸಿಂಗ್ ಜೊತೆ ಕ್ಯಾಪ್‌ಗಳನ್ನೂ ಪ್ಲಾಸ್ಟಿಕ್‌ನಿಂದ ಮುಚ್ಚಿ: ನಲ್ಲಿ ನೀರಿನಲ್ಲೂ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಇರಬಹುದು.

ಇನ್ನು ಅಪಾಯದ ಸೂಚನೆ. ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ, ಅಥವಾ ಫ್ಲಶ್ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಗಡಗಡ ನಡುಕ ಬಂದರೆ, ಲೈನ್ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ. ಕೊಳವೆಯೊಳಗೆ ಕೂತಿದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ತಳ್ಳಲ್ಪಟ್ಟಾಗ ಬರುವ ನಡುಕ ಅದು. ಚರ್ಮ ಕೆಂಪಾಗಿಲ್ಲವಲ್ಲ ಎಂದು ಕಾಯಬೇಡಿ. ಎಷ್ಟೋ ಸಲ ಮೇಲೆ ಏನೂ ಕಾಣಿಸುವುದಿಲ್ಲ. ಪ್ಯಾರಾಸಿಟಮಾಲ್ ನುಂಗಿ ಬೆಳಗಿನ ತನಕ ನೋಡೋಣ ಎನ್ನುವುದೂ ಬೇಡ, ರಾತ್ರಿಯಾದರೂ ಹೊರಡಿ.

ಆಸ್ಪತ್ರೆಯಲ್ಲಿ ಲೈನ್ ಇದೆ ಎಂದು ಮೊದಲೇ ಹೇಳಿ. ಆಂಟಿಬಯಾಟಿಕ್ ಕೊಡುವ ಮುನ್ನ ಲೈನ್‌ನಿಂದ ಒಮ್ಮೆ, ಕೈಯ ರಕ್ತನಾಳದಿಂದ ಒಮ್ಮೆ ಬ್ಲಡ್ ಕಲ್ಚರ್‌ಗೆ (ರಕ್ತವನ್ನು ಬಾಟಲಿಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ರಕ್ತ ತೆಗೆಯಬೇಕು. ಕೈಯ ರಕ್ತದ ಬಾಟಲಿಗಿಂತ ಲೈನ್‌ನ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಕನಿಷ್ಠ 2 ಗಂಟೆ ಮುಂಚೆ ಬೆಳೆದು ಕಾಣಿಸಿಕೊಂಡರೆ, ಸೋಂಕಿನ ಮೂಲ ಲೈನೇ ಎಂದು ವೈದ್ಯರು ತೀರ್ಮಾನಿಸುತ್ತಾರೆ.