ಕಂಕುಳಲ್ಲಿ ಸೀಲ್ ನಿಲ್ಲೂದಿಲ್ಲ ಅಂದವರಿಗೆ: ಆರ್ಮ್ ಲಿಫ್ಟ್ ಗಾಯ ಮುಚ್ಚಿಸಿದ ನನ್ನ ಅನುಭವ

ಕಂಕುಳಿನ ಗಾಯಕ್ಕೆ ಸಕ್ಷನ್ ಡ್ರೆಸ್ಸಿಂಗ್ (ಗಾಯದ ಮೇಲೆ ಪ್ಲಾಸ್ಟಿಕ್ ಫಿಲ್ಮ್ ಗಾಳಿಯಾಡದ ಹಾಗೆ ಅಂಟಿಸಿ ಸೀಲ್ ಮಾಡಿ, ಟ್ಯೂಬಿನಿಂದ ಒಳಗಿನ ನೀರು ಎಳೆಯುವುದು), ಅದೂ ಮನೆಯಲ್ಲಿ, ಅದೂ ನಮ್ಮ ಕರಾವಳಿಯ ಜೂನ್ ತಿಂಗಳಲ್ಲಿ ಅಂದಾಗ ನಕ್ಕವರು ಹೊರಗಿನವರಲ್ಲ, ನಮ್ಮ ನರ್ಸಿಂಗ್‌ನವರೇ. "ಸಿಸ್ಟರ್, ಬೆವರಿಗೆ ಫಿಲ್ಮ್ ಅರ್ಧ ಗಂಟೆ ನಿಲ್ಲೂದಿಲ್ಲ, ಸುಮ್ನೆ ದುಡ್ಡು ಹಾಳು" ಅಂತ ಒಬ್ಬ ಸೀನಿಯರ್ ಬ್ರದರ್ (ಗಂಡು ನರ್ಸ್) ಹೇಳಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದ್ದು ಅಂತ ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದು ಬಿಡುತ್ತೇನೆ. ಡ್ರೆಸ್ಸಿಂಗ್ ಕೆಲಸ ಗೊತ್ತಿರುವವರಿಗಾಗಿ ಬರೆದದ್ದು. ಮನೆಯಲ್ಲಿ ನೋಡಿ ಪ್ರಯೋಗ ಮಾಡಲಿಕ್ಕೆ ಅಲ್ಲ.

ಕೇಸ್ ಹೀಗೆ. ಕಾಪು ಕಡೆಯ ಮನೆ, ನಲವತ್ತು ದಾಟಿದ ಹೆಂಗಸು. ಎರಡು ವರ್ಷ ಹಿಂದೆ ಹೊಟ್ಟೆ ಸಣ್ಣ ಮಾಡುವ ಆಪರೇಷನ್ ಆಗಿ ನಲವತ್ತು ಕಿಲೋಗಿಂತ ಜಾಸ್ತಿ ಇಳಿದಿದ್ದರು. ತೋಳಿನ ಚರ್ಮ ನೇತಾಡುತ್ತಿತ್ತು, ಅದಕ್ಕೆ ಎರಡೂ ಕೈಗೆ ಆರ್ಮ್ ಲಿಫ್ಟ್, ಅಂದರೆ ಜೋಲು ಚರ್ಮ ಕತ್ತರಿಸಿ ಹೊಲಿಯುವ ಆಪರೇಷನ್. ಬಲಗೈ ಚೆನ್ನಾಗಿ ಕೂಡಿತು. ಎಡಗೈಯಲ್ಲಿ ಹತ್ತು ಹನ್ನೆರಡು ದಿನಕ್ಕೆ ಕಂಕುಳಿನ ಹತ್ತಿರ ಗ್ಯಾಪಿಂಗ್ ಶುರು, ಹೊಲಿಗೆ ಬಿಟ್ಟು ಗಾಯ ಬಾಯಿ ತೆರೆಯಿತು. ತೋಳಿನ ಉದ್ದದ ಹೊಲಿಗೆ ಕಂಕುಳಿನ ಹೊಲಿಗೆಗೆ ಸೇರುವ ಆ ಮೂಲೆ ನಿಮಗೆ ಗೊತ್ತಲ್ವಾ, ಬಿಡುವುದು ಹೆಚ್ಚಾಗಿ ಅಲ್ಲೇ. ಎಳೆತ ಜಾಸ್ತಿ, ಮೂರು ಕಡೆಯ ಚರ್ಮದ ತುದಿ ಒಂದೇ ಕಡೆ ಸೇರುವುದರಿಂದ ರಕ್ತ ಓಡಾಟ ಕಡಿಮೆ, ಮೇಲಿಂದ ಬೆವರು. ನಾನು ನೋಡುವಾಗ ನಾಲ್ಕು ಬೆರಳು ಉದ್ದ, ಎರಡು ಬೆರಳು ಅಗಲ, ತಳದಲ್ಲಿ ಹಳದಿ ಸ್ಲಫ್ (ಸತ್ತ ಮಾಂಸದ ಪದರ). ದಿನಕ್ಕೆ ಮೂರು ಸಲ ಪ್ಯಾಡ್ ಒದ್ದೆ.

ಪುನಃ ಹೊಲಿಯುವ ಮಾತು ಬಂತು. ಸರ್ಜನ್ ಒಪ್ಪಲಿಲ್ಲ, ಅದು ಸರಿಯೇ. ಸೋಂಕಿರುವ, ಎಳೆತ ಇರುವ ಜಾಗಕ್ಕೆ ಮತ್ತೆ ಹೊಲಿಗೆ ಹಾಕಿದರೆ ಮತ್ತೆ ಬಿಡುತ್ತದೆ. ಹಾಗಾದರೆ ಒಳಗಿಂದ ತುಂಬಿ ಬರಬೇಕು. ಬೀಟಾಡಿನ್ ಗಾಜು (ಗಾಯಕ್ಕೆ ಹಾಕುವ ಜಾಳು ಬಟ್ಟೆ, gauze) ತುರುಕಿ ಕಾದರೆ ಮಳೆಗಾಲ ಪೂರ್ತಿ ಬೇಕು.

ಸಕ್ಷನ್ ಡ್ರೆಸ್ಸಿಂಗ್‌ಗೆಂದೇ ಬರುವ ಕಂಪನಿಯ ವ್ಯಾಕ್ ಮೆಷಿನ್ ಬಾಡಿಗೆ ವಿಚಾರಿಸಿದರೆ ದಿನಕ್ಕೆ ಒಂದೂವರೆ ಎರಡು ಸಾವಿರದ ಹತ್ತಿರ. ಫೋಮ್ ಮತ್ತು ಡಬ್ಬದ ಕಿಟ್ ಬೇರೆ, ಒಂದೊಂದು ಬದಲಾವಣೆಗೆ ಐದಾರು ಸಾವಿರ. ಒಟ್ಟು ಲೆಕ್ಕ ಲಕ್ಷಕ್ಕೆ ಹೋಗಿ ಮುಟ್ಟುತ್ತಿತ್ತು. ಇನ್ಶೂರೆನ್ಸ್‌ನವರು ಇದು ಚಂದಕ್ಕೆ ಮಾಡಿಸಿದ್ದು ಅಂತ ಕಾಗದ ವಾಪಸ್ ಕೊಟ್ಟಿದ್ದರು. ಮನೆಯಲ್ಲಿ ಅತ್ತೆಯ ಮಾತೂ ಅದೇ, "ಯಾರು ಹೇಳಿದ್ದು ಮಾಡಿಸಲಿಕ್ಕೆ?" ಬಿದ್ದು ಕೈ ಮುರಿದರೆ ಊರೆಲ್ಲ ಬಂದು ನೋಡುತ್ತಾರೆ, ಇಂಥ ಗಾಯವನ್ನು ಹೆಂಗಸರು ಸೆರಗಿನೊಳಗೆ ಮುಚ್ಚಿಡಬೇಕು. ತಡವಾಗಿ ಬರುವುದಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ಅಭಿಪ್ರಾಯ. ಗಂಡ ದುಬೈಯಲ್ಲಿ. ದುಡ್ಡು ಕಳಿಸುತ್ತಾರೆ, ಆದರೆ ಅತ್ತೆಗೆ ಲೆಕ್ಕ ಕೊಡಬೇಕು.

ನಾನು ಹೇಳಿದೆ, ಮೆಷಿನ್ ಬೇಡ, ನಾನು ಕಟ್ಟುತ್ತೇನೆ. ಇದು ನನ್ನ ಹೊಸ ಶೋಧ ಏನಲ್ಲ. ಅಮೆರಿಕದ ಸಂಶೋಧಕರು ಅರ್ಜೆಂಟಾ ಮತ್ತು ಮೊರಿಕ್ವಾಸ್ ಫೋಮ್ ಹಾಕಿ 125 ಮಿಲಿಮೀಟರ್ (ಪಾದರಸದ ಅಳತೆ) ಸಕ್ಷನ್ ಕೊಟ್ಟ ಲೇಖನ ಬರೆದದ್ದು 1997ರಲ್ಲಿ, ಅಲ್ಲಿಂದ ಕಂಪನಿ ಮೆಷಿನ್ ಜನಪ್ರಿಯ ಆಯಿತು. ಅದಕ್ಕೂ ಮೊದಲೇ, 1989ರಲ್ಲಿ, ಚಾರಿಕರ್ ಮತ್ತು ಜೆಟರ್ ಒದ್ದೆ ಗಾಜು, ಡ್ರೈನ್ (ನೀರು ಹೊರಗೆ ತರುವ ಟ್ಯೂಬ್), ಮೇಲೊಂದು ಫಿಲ್ಮ್ ಇಷ್ಟರಲ್ಲೇ ಕೆಲಸ ಮಾಡಿ ತೋರಿಸಿದ್ದರು. ಮೆಷಿನ್ ಇಲ್ಲದೆ ಆಗೂದಿಲ್ಲ ಅನ್ನುವವರಿಗೆ ನಾನು ಕೊಡುವ ಉತ್ತರ ಇದೇ. ಗಾಯಕ್ಕೆ ಬೇಕಾದ್ದು ಸಕ್ಷನ್‌ನ ಎಳೆತ. ಅದು ಎಲ್ಲಿಂದ ಬಂತು ಅಂತ ಗಾಯ ಕೇಳುವುದಿಲ್ಲ.

ಸರ್ಜನ್ ಹತ್ತಿರ ಹೋಗಿ ಕೇಳಿದೆ. ಅವರು ಸ್ಲಫ್ ತೆಗೆದು, ತಳ ಮುಟ್ಟಿ ನೋಡಿ, ಒಳಗಿನ ಪೊರೆ ಗಟ್ಟಿ ಉಂಟು ಅಂದ ಮೇಲೆಯೇ ಶುರು ಮಾಡಿದ್ದು. ಆ ಪೊರೆಯ ಕೆಳಗೆ ಕೈಯ ದೊಡ್ಡ ರಕ್ತನಾಳ, ನರ ಎಲ್ಲ ಉಂಟು. ನಾಳ ಕಾಣುತ್ತಿದ್ದರೆ, ಅಥವಾ ಪೇಷಂಟ್ ರಕ್ತ ತೆಳು ಮಾಡುವ ಮಾತ್ರೆಯಲ್ಲಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಟ್ಯೂಬಿನಲ್ಲಿ ಕೆಂಪು ರಕ್ತ ಬಂದರೆ ಸಕ್ಷನ್ ಬಂದ್, ಒತ್ತಿ ಹಿಡಿದು ಫೋನ್. ಮನೆಯವರಿಗೆ ಇದನ್ನು ಗೋಡೆಯಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದೆ.

ಸಕ್ಷನ್‌ಗೆ ಮೊದಲು ನೋಡಿದ್ದು ಮೀನಿನ ತೊಟ್ಟಿಯ ಪಂಪ್. ತಿರುಗಿಸಿ ಹಾಕಿದರೆ ಎಳೆಯುತ್ತದೆ, ಹಾಗೆ ಮಾಡಿದವರು ಇದ್ದಾರೆ. ನನ್ನದು ಬಿಸಿಯಾಯಿತು, ರಾತ್ರಿ ಇಡೀ ಗುಂಯ್ ಅಂತ ಶಬ್ದ, ಎಳೆತ ಎಷ್ಟು ಅಂತ ನೋಡಲಿಕ್ಕೂ ದಾರಿ ಇಲ್ಲ. ಪಕ್ಕಕ್ಕಿಟ್ಟೆ. ಆಮೇಲೆ ಮನೆಯಲ್ಲಿ ಕಫ ಎಳೆಯಲಿಕ್ಕೆ ಇಡುವ ಸಣ್ಣ ಸಕ್ಷನ್ ಮೆಷಿನ್. ಗೇಜ್ ಇರುತ್ತದೆ, ಒತ್ತಡ ತಿರುಗಿಸಿ ಇಡಬಹುದು. ಮಂಗಳೂರಿನ ಬಿಜೈಯಲ್ಲಿ ನಮಗೆ ಗೊತ್ತಿರುವ ಮನೆಯಲ್ಲಿ ಅಜ್ಜ ತೀರಿಕೊಂಡ ಮೇಲೆ ಮಂಚದಡಿ ಇತ್ತು, ಐದು ಸಾವಿರದ ಒಳಗೆ ಸಿಕ್ಕಿತು. ಅದನ್ನು ದಿನವಿಡೀ ಓಡಿಸಲಿಕ್ಕೆ ಆಗೂದಿಲ್ಲ, ಮೋಟರ್ ಸುಡುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ಓಡಿಸಿ ಎಳೆದು, ಟ್ಯೂಬ್ ಕ್ಲ್ಯಾಂಪ್ ಮಾಡಿ, ಗಂಟೆಗೊಮ್ಮೆ ನೋಡಿ ಪುನಃ ಎಳೆಯುವುದು. ರಾತ್ರಿ ಡ್ರೈನ್‌ನ ಬೆಲ್ಲೋಸ್ ಡಬ್ಬ (ಅಮುಕಿ ಬಿಟ್ಟರೆ ತಾನೇ ಉಬ್ಬುತ್ತಾ ಎಳೆಯುವಂಥದ್ದು) ಅಮುಕಿ ಹಚ್ಚುವುದು. ಅದು ತುಂಬುತ್ತಾ ಬಂದ ಹಾಗೆ ಎಳೆತ ಕಡಿಮೆ ಆಗುತ್ತದೆ, ಹಾಗಾಗಿ ನಡುರಾತ್ರಿ ಒಮ್ಮೆ ಖಾಲಿ ಮಾಡಬೇಕು. ಕರೆಂಟ್ ಹೋದಾಗಲೂ ಅದೇ ಡಬ್ಬ. ಮೊದಲ ಮಳೆಗೆ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಲ್ವಾ.

ಒತ್ತಡ 125 ಇಡಲಿಲ್ಲ, 80ರ ಆಚೀಚೆ ಇಟ್ಟೆ. ತೋಳಿನ ಒಳಬದಿಯ ಚರ್ಮದ ನರ ಈ ಆಪರೇಷನ್‌ನಲ್ಲಿ ಮೊದಲೇ ಕಿರಿಕಿರಿ ಆಗಿರುತ್ತದೆ, 125ಕ್ಕೆ ಅವರು ಕಿರುಚಿದರು. 80ಕ್ಕೆ ನಿದ್ದೆ ಬಂತು, ಗಾಯವೂ ತುಂಬಿತು.

ಈಗ ಸೀಲ್. ಎಲ್ಲ ಕಷ್ಟ ಇಲ್ಲೇ. ಮೊದಲನೆಯದು ಕೈ ತಲೆಯ ಮೇಲೆ ಎತ್ತಿಸಿ ಅಂಟಿಸಿದ್ದು, ನೋಡಲಿಕ್ಕೆ ಚಂದ ಕೂತಿತು. ಕೈ ಇಳಿಸಿದ ಕೂಡಲೇ ಮಡಚಿ ಸುಕ್ಕಾಗಿ ಸುಯ್ ಅಂತ ಗಾಳಿ. ಮುಂದಿನದು ಕೈ ಕೆಳಗಿಟ್ಟು ಅಂಟಿಸಿದ್ದು, ಅವರು ಕೂದಲು ಕಟ್ಟಲಿಕ್ಕೆ ಕೈ ಎತ್ತಿದಾಗ ಹರಿಯಿತು. ಮತ್ತೊಂದು ದೊಡ್ಡ ಒಂದೇ ಹಾಳೆ, ಸಂಜೆಗೆ ಬೆವರಿಗೆ ಮೂಲೆ ಎದ್ದು ಹಳೆ ಕ್ಯಾಲೆಂಡರ್ ಹಾಗೆ ಸುರುಳಿ. ಎರಡು ಗಂಟೆ ಎಳೆತ ಇಲ್ಲದಿದ್ದರೆ ಡ್ರೆಸ್ಸಿಂಗ್ ಬಿಚ್ಚಬೇಕು, ಒಳಗೆ ಕೊಳೆ ನಿಲ್ಲುತ್ತದೆ. ಹಾಗಾಗಿ ಪ್ರತಿ ಸಲವೂ ಬಿಚ್ಚಿದ್ದು, ಪ್ರತಿ ಸಲವೂ ಐನೂರು ಆರುನೂರು ರೂಪಾಯಿ ಫಿಲ್ಮ್ ಕಸಕ್ಕೆ. ಜೊತೆಗೆ ಮಂಗಳೂರಿಂದ ಕಾಪುವಿಗೆ ಎಕ್ಸ್‌ಪ್ರೆಸ್ ಬಸ್ಸು, ಮಳೆಯಲ್ಲಿ. ಅತ್ತೆ ನನ್ನನ್ನು ನೋಡುವ ನೋಟವೇ ಬದಲಾಗಿತ್ತು.

ನಿಂತದ್ದು ಹೀಗೆ. ಕೂದಲು ಬ್ಲೇಡಿನಲ್ಲಿ ಅಲ್ಲ, ಕ್ಲಿಪ್ಪರಿನಲ್ಲಿ ತೆಗೆದದ್ದು. ಕೋಣೆಯ ಎಸಿ ಒಂದು ಗಂಟೆ ಮೊದಲೇ ಹಾಕಿಸಿದೆ (ಎಸಿ ಇಲ್ಲದ ಮನೆಯಲ್ಲಿ ಟೇಬಲ್ ಫ್ಯಾನ್ ಮತ್ತು ಹೇರ್ ಡ್ರೈಯರ್‌ನ ತಣ್ಣನೆ ಗಾಳಿ, ಬೆಳಗ್ಗೆ ಬೇಗ). ಸುತ್ತಲಿನ ಚರ್ಮಕ್ಕೆ ಬ್ಯಾರಿಯರ್ ವೈಪ್ (ಚರ್ಮ ಕಾಯುವ ತೆಳು ಪದರ ಬಿಡುವ ಒರೆಸು), ಪೂರ್ತಿ ಒಣಗುವವರೆಗೆ ಕಾಯಬೇಕು. ಆಮೇಲೆ ಸ್ಟೋಮಾ ಪೇಸ್ಟ್! ಹೊಟ್ಟೆಯ ಮೇಲೆ ಮಲಕ್ಕೆ ಅಂಟಿಸುವ ಕೊಲೊಸ್ಟಮಿ ಬ್ಯಾಗಿಗೆ ಹಚ್ಚುತ್ತೇವಲ್ಲ, ಅದೇ. ಕಂಕುಳಿನ ಮಡಿಕೆಗಳಲ್ಲಿ ಅದನ್ನು ತುಂಬಿ ನೆಲ ಸಮ ಮಾಡಿಕೊಂಡರೆ ಗಾಳಿ ನುಗ್ಗುವ ದಾರಿ ಇಲ್ಲ. ಮೇಲೆ ಹೈಡ್ರೊಕೊಲಾಯ್ಡ್ ಪಟ್ಟಿ (ಮೆತ್ತನೆಯ ಅಂಟು ಡ್ರೆಸ್ಸಿಂಗ್), ಅದರ ಮೇಲೆ ಫಿಲ್ಮ್. ಅಂಟಿಸುವಾಗ ಕೈ ಅರ್ಧಕ್ಕೆ ಎತ್ತಿ, ಮೊಣಕೈ ದಿಂಬಿನ ಮೇಲೆ, ಪೇಷಂಟ್ ಟಿವಿ ನೋಡುತ್ತಾ ಕೂತ ಭಂಗಿಯಲ್ಲಿ. ಯಾಕೆಂದರೆ ದಿನದ ಹೆಚ್ಚು ಹೊತ್ತು ಕೈ ಇರುವುದು ಹಾಗೆಯೇ. ಫಿಲ್ಮ್ ಸಣ್ಣ ತುಂಡು, ಒಂದರ ಮೇಲೊಂದು. ಯಾವ ಆಕಾರಕ್ಕೆ ಕತ್ತರಿಸಿ ಯಾವ ಕಡೆಯಿಂದ ಶುರು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅಷ್ಟು ನನಗಿರಲಿ. ಬೇಕಾದವರು ಒಂದು ದಿನ ಜೊತೆಗೆ ಬನ್ನಿ.

ಒಳಗೆ ಫೋಮ್ ಅಲ್ಲ, ಗಾಜು. ತಳಕ್ಕೆ ಅಂಟಿಕೊಳ್ಳದ ಪ್ಯಾರಾಫಿನ್ ಗಾಜು, ಮೇಲೆ ಸಲೈನಿನಲ್ಲಿ ಹಿಂಡಿದ ರೋಲ್ ಗಾಜು. ಕಂಕುಳಿನ ಗುಳಿಗೆ ಅದು ಫೋಮ್‌ಗಿಂತ ಚೆನ್ನಾಗಿ ಕೂರುತ್ತದೆ. ಒಂದೇ ಉದ್ದ ತುಂಡು ಹಾಕಿ, ಒಳಗೆ ಉಳಿಯುವ ಭಯ ಇಲ್ಲ. ರೈಲ್ಸ್ ಟ್ಯೂಬಿಗೆ (ಮೂಗಿನಿಂದ ಹೊಟ್ಟೆಗೆ ಹಾಕುವ ಟ್ಯೂಬ್) ನಾಲ್ಕೈದು ತೂತು ಜಾಸ್ತಿ ಮಾಡಿ ಗಾಜಿನ ನಡುವೆ ಇಟ್ಟು, ತೋಳಿನ ಹೊರಬದಿಗೆ ತಂದೆ. ಕಂಕುಳಲ್ಲೇ ಬಿಟ್ಟರೆ ಕೈ ಇಳಿಸಿದಾಗ ಟ್ಯೂಬ್ ಒತ್ತಿ ಚರ್ಮದಲ್ಲಿ ಹೊಸ ಗಾಯ ಆಗುತ್ತದೆ. ಆ ಸೀಲ್ ಮೂರನೇ ದಿನ ನಾನೇ ಬಿಚ್ಚುವವರೆಗೆ ಅಲುಗಲಿಲ್ಲ. ಹೊರಗೆ ಧೋ ಅಂತ ಮಳೆ. ಫೋಟೋ ತೆಗೆದು ಆ ಬ್ರದರ್‌ಗೆ ಕಳಿಸಿದೆ.

ಕ್ಲ್ಯಾಂಪ್, ಡಬ್ಬ ಎಲ್ಲ ನೋಡಿಕೊಂಡದ್ದು ನಾದಿನಿ. ಡಿಗ್ರಿ ಓದುವ ಹುಡುಗಿ, ಒಂದೇ ಸಲಕ್ಕೆ ಕಲಿತಳು. ಗಂಟೆಗೊಮ್ಮೆ ಗೇಜ್ ಫೋಟೋ ವಾಟ್ಸಾಪಿಗೆ ಬರುತ್ತಿತ್ತು. ನಮ್ಮ ಕೆಲವು ಟ್ರೇನಿಗಳಿಗಿಂತ ಅವಳೇ ವಾಸಿ.

ನಡುವೆ ಒಂದು ಸಲ ಹಸಿರು ಡಿಸ್ಚಾರ್ಜ್, ಆ ಸಿಹಿ ನಾತ. ಯಾವ ಸೋಂಕು ಅಂತ ನೋಡಲಿಕ್ಕೆ ಕಲ್ಚರ್ ಕಳಿಸಿದೆವು, ಊಹಿಸಿದ್ದೇ, ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಸಕ್ಷನ್ ನಿಲ್ಲಿಸಿ ಸರ್ಜನ್ ಹೇಳಿದ ಹಾಗೆ ಒಂದು ಪರ್ಸೆಂಟ್ ಅಸಿಟಿಕ್ ಆ್ಯಸಿಡ್ ನೆನೆಸಿದ ಗಾಜು, ದಿನಕ್ಕೆ ಎರಡು ಸಲ ಕಾಲು ಗಂಟೆ. ಹಳೇ ಮದ್ದು, ಅಗ್ಗದ ಮದ್ದು, ಈ ಜೀವಿಗೆ ಆಮ್ಲ ಆಗುವುದಿಲ್ಲ. ಒಂದು ವಾರದೊಳಗೆ ನಾತ ಹೋಯಿತು, ಪುನಃ ಸಕ್ಷನ್. ಆ ವಾರ ಜೇನುತುಪ್ಪವನ್ನೂ ನೋಡಿದೆ, ಸ್ಟೆರೈಲ್ ಟ್ಯೂಬಿನಲ್ಲಿ ಬರುವುದು. ಕಾಲಿನ ಹುಣ್ಣಿಗೆ ನನಗೆ ಒಳ್ಳೆ ಫಲಿತಾಂಶ ಬಂದಿದೆ. ಕಂಕುಳಲ್ಲಿ ಮೈ ಬಿಸಿಗೆ ಕರಗಿ ರವಿಕೆಗೆ ಇಳಿಯಿತು, ಹಾಸಿಗೆಗೆ ಇರುವೆ ಬಂತು. ಅತ್ತೆ ಅರಿಶಿನ ಹಾಕಿ ಅಂತ ಹಠ ಹಿಡಿದದ್ದೂ ಆಗಲೇ. ಹಾಲಿಗೆ ಹಾಕಿ ಕುಡಿಸಿ ಅಂದೆ.

ಗಾಯ ಮುಚ್ಚಿದ್ದರಲ್ಲಿ ಅರ್ಧ ಪಾಲು ಊಟದ್ದು, ಅದನ್ನು ಹೇಳಲೇಬೇಕು. ನಾನು ಮೊದಲ ಸಲ ಹೋದ ದಿನ ಅವರು ಉಣ್ಣುತ್ತಿದ್ದದ್ದು ಗಂಜಿ ಮತ್ತು ಉಪ್ಪು. ಬೇಳೆ ನಂಜು, ಬದನೆ ನಂಜು, ಮೊಸರು ಕೀವು ಮಾಡುತ್ತದೆ ಅಂತ ಅತ್ತೆಯ ಲೆಕ್ಕ. ಸಸ್ಯಾಹಾರಿ ಮನೆ, ಮೊಟ್ಟೆ ಇಲ್ಲ. ಹೊಟ್ಟೆ ಸಣ್ಣ ಮಾಡಿದವರಿಗೆ ಒಂದು ಸಲಕ್ಕೆ ಒಂದು ಲೋಟ ಹಿಡಿಯುವುದೇ ಕಷ್ಟ. ರಕ್ತದ ಪ್ರೋಟೀನ್ ಅಲ್ಬುಮಿನ್ ಮೂರಕ್ಕಿಂತ ಕೆಳಗೆ, ಹಿಮೋಗ್ಲೋಬಿನ್ ಒಂಬತ್ತರ ಹತ್ತಿರ. ಈ ರಕ್ತದಲ್ಲಿ ಯಾವ ಮೆಷಿನ್ ತಂದರೂ ಮಾಂಸ ಬರೂದಿಲ್ಲ. ಪನೀರು, ಹೆಸರುಬೇಳೆ ತೊವ್ವೆ, ಗಟ್ಟಿ ಮೊಸರು, ವೇ ಪೌಡರ್, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ದಿನಕ್ಕೆ ಎಂಬತ್ತು ಗ್ರಾಂ ಪ್ರೋಟೀನ್ ಗುರಿ, ಎಪ್ಪತ್ತರ ಹತ್ತಿರ ಮುಟ್ಟಿರಬಹುದು. ಕಬ್ಬಿಣದ ಮದ್ದು ಸರ್ಜನ್ ರಕ್ತನಾಳಕ್ಕೇ ಕೊಟ್ಟರು, ಬಿ12 ಚುಚ್ಚುಮದ್ದೂ ಆಯಿತು. ನಂಜಿನ ವಿಷಯಕ್ಕೆ ಅತ್ತೆ ಜೊತೆ ವಾದ ಮಾಡಲಿಲ್ಲ. ಡಾಕ್ಟ್ರು ಬರೆದು ಕೊಟ್ಟಿದ್ದಾರೆ ಅಂತ ಚೀಟಿ ತೋರಿಸಿದೆ, ಚೀಟಿಗೆ ಅವರು ಮರ್ಯಾದೆ ಕೊಡುತ್ತಾರೆ.

ಮೂರು ವಾರದ ಆಸುಪಾಸಿನಲ್ಲಿ ತಳ ಕೆಂಪಾಗಿ ಚರ್ಮದ ಮಟ್ಟಕ್ಕೆ ಬಂತು. ಸಕ್ಷನ್ ನಿಲ್ಲಿಸಿ ಪ್ಯಾರಾಫಿನ್ ಗಾಜು ಮಾತ್ರ. ತೋಳಿನುದ್ದಕ್ಕೆ ಒಳಗಿನ ದಾರದ ಗಂಟುಗಳು ಒಂದೊಂದಾಗಿ ಹೊರಗೆ ಬಂದವು, ಚಿಮ್ಮಟದಲ್ಲಿ ಎಳೆದು ಕತ್ತರಿಸಿದ್ದಷ್ಟೇ, ಅದು ಹೆದರುವ ವಿಷಯ ಅಲ್ಲ. ಅಷ್ಟಮಿಗೆ ಮೊದಲು ಪೂರ್ತಿ ಮುಚ್ಚಿತು. ಕಲೆ ಅಗಲ ಉಂಟು. ಅದನ್ನು ಸರಿ ಮಾಡುವುದಿದ್ದರೆ ಒಂದು ವರ್ಷ ಕಳೆದ ಮೇಲೆ ಅಂತ ಸರ್ಜನ್ ಹೇಳಿದ್ದಾರೆ. ಒಟ್ಟು ಖರ್ಚು ನನ್ನ ಫೀಸು, ಬಸ್ಸು, ಹಾಳಾದ ಫಿಲ್ಮ್ ಎಲ್ಲ ಸೇರಿ ಇಪ್ಪತ್ತು ಸಾವಿರದ ಒಳಗೆ. ಮೆಷಿನ್ ಈಗ ನನ್ನದು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಫಿಲ್ಮ್ ರೋಲ್ ಎಲ್ಲಿ ಅಗ್ಗ ಅಂತ ಕೇಳಬೇಡಿ, ಹಂಪನಕಟ್ಟೆಯಲ್ಲಿ ನಾಲ್ಕು ಸರ್ಜಿಕಲ್ ಅಂಗಡಿ ಹತ್ತಿ ಇಳಿದರೆ ನಿಮಗೇ ಸಿಗುತ್ತದೆ.

ಈಗ ಸುರತ್ಕಲ್ ಕಡೆ ಒಂದು ತೊಡೆಯ ಲಿಫ್ಟ್ ಕೇಸ್ ಬಂದಿದೆ, ತೊಡೆಸಂದಿಯಲ್ಲಿ ಬಿಟ್ಟಿದೆ. ಅಲ್ಲಿ ಸ್ಟೋಮಾ ಪೇಸ್ಟೂ ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತಿಲ್ಲ, ಕೂತಾಗ ಎದ್ದಾಗ ಲೀಕ್. ಉಡುಪಿ, ಕುಂದಾಪುರ ಕಡೆ ಯಾರಾದರೂ ತೊಡೆಸಂದಿಗೆ ಸೀಲ್ ನಿಲ್ಲಿಸಿದ್ದರೆ ಹೇಳಿ. ಫಿಲ್ಮ್ ಕತ್ತರಿಸುವ ವಿದ್ಯೆ ಬದಲಿಗೆ ಕೊಡುತ್ತೇನೆ.